ಎಲ್ಲ ಫ್ಲೇವರಿಗೂ 230 ಅಂತೆ

ಹುಕ್ಕಾಗೆ ಇದ್ದಿಲಿನ ಬದಲು ಎಲೆಕ್ಟ್ರಿಕ್ ಹೆಡ್‌ಗಳು (ತಂಬಾಕಿನ ಬೌಲ್, ಅದರ ಮೇಲೊಂದು ಹೀಟರ್) ಬಂದ ದಿನವೇ ಕೌಂಟರಿನ ಹಿಂದೆ ಲ್ಯಾಮಿನೇಟ್ ಮಾಡಿದ ಕಾರ್ಡೊಂದು ಅಂಟಿಕೊಂಡಿತು: ಪ್ರೀಹೀಟ್ 6 ನಿಮಿಷ, ಸೆಟ್ಟಿಂಗ್ 230 ಡಿಗ್ರಿ, ಎಲ್ಲ ಫ್ಲೇವರಿಗೂ ಒಂದೇ. ಸಪ್ಲೈಯರ್ ಡೆಮೊ ಕೊಟ್ಟಿದ್ದು ಡಬಲ್ ಆಪಲ್ ಮೇಲೆ, ಅದಕ್ಕೆ 230 ಚೆನ್ನಾಗಿಯೇ ಕೂತಿತ್ತು. ಮ್ಯಾನೇಜ್‌ಮೆಂಟಿಗೆ ಅಷ್ಟು ಸಾಕಾಯಿತು. ಕೆಂಡದ ಹುಡುಗನ ಸಂಬಳ ಉಳಿಯುತ್ತದೆ ಅನ್ನುವ ಲೆಕ್ಕ ಮುಂದಿಟ್ಟುಕೊಂಡವರಿಗೆ ಲೆಮನ್ ಮಿಂಟಿನ ಗತಿ ಏನು ಅಂತ ಯಾರು ಹೇಳಬೇಕು? ಇದು ದುಬೈನ ದೇರಾದ ಮಾತು. ನಮ್ಮೂರು ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹುಕ್ಕಾಕ್ಕೇ ನಿಷೇಧ ಇದೆ, ಅಲ್ಲಿ ಮಾಡಿ ನೋಡಲು ಹೋಗಬೇಡಿ.

ಮೊದಲ ಶುಕ್ರವಾರ ರಾತ್ರಿಯೇ ಕಾರ್ಡಿನ ಬಂಡವಾಳ ಬಯಲಾಯಿತು. ಆರು ಜನರ ಟೇಬಲ್, ಮಂಗಳೂರು ಕಡೆಯವರು, ಎರಡು ಲೆಮನ್ ಮಿಂಟ್. ನಾಲ್ಕಾರು ದಮ್ಮು ಎಳೆಯುವಷ್ಟರಲ್ಲಿ ಕರೆ ಬಂತು: “ಎಂತ ಮಾರಾಯ್ರೆ, ಲಿಂಬೆ ಕೇಳಿದ್ರೆ ಸುಟ್ಟ ಬೆಲ್ಲ ಕೊಟ್ಟಿದ್ದೀರಲ್ಲ!” ಹೆಡ್ ನೋಡಿಕೊಳ್ಳುವ ಈಜಿಪ್ಟಿನವನು ಬಟನ್ ಒತ್ತಿ 200ಕ್ಕೆ ಇಳಿಸಿದ. ಸ್ವಲ್ಪ ಹೊತ್ತಿಗೆ ಸ್ಕ್ರೀನ್ 200 ತೋರಿಸಿತು, ಗಂಟಲುರಿ ಮಾತ್ರ ಹಾಗೇ. 190ಕ್ಕೆ ಇಳಿಸಿದರೂ ಹಾಗೇ. ಮ್ಯಾನೇಜರ್ ಬಂದು ಡಬ್ಬಿ ಮೂಸಿ “ಸ್ಟಾಕ್ ಹಳೇದು” ಅಂತ ತೀರ್ಪು ಕೊಟ್ಟರು. ಹೊಸ ಕಾರ್ಟನ್ ಒಡೆದು, ಅದೇ ಬೌಲಿಗೆ ತುಂಬಿ, ಮತ್ತೆ ಅದೇ ಹೀಟರ್ ಕೂರಿಸಿದ್ದಾಯಿತು. ಅದೂ ಸುಟ್ಟಿತು. ಅಷ್ಟು ಹೊತ್ತೂ ಎಲ್ಲರ ಕಣ್ಣು ಸ್ಕ್ರೀನಿನ ಮೇಲೇ. ಬೌಲಿನ ಹತ್ತಿರ ಕೈ ಒಯ್ದು ನೋಡಿದವರಿಲ್ಲ. ಕೊನೆಗೆ ತೊಳೆಯುವವನು ಇಕ್ಕಳದಲ್ಲಿ ಹಿಡಿದು ಸಿಂಕಿಗಿಟ್ಟಾಗ ಒದ್ದೆ ತಳ ಚುರ್ ಅಂದಿತು. ಕಪಾಟಿನಿಂದ ತಣ್ಣನೆಯ ಬೌಲ್ ತೆಗೆದು, ಹಳೆಯದು ಅಂತ ಬದಿಗಿಟ್ಟಿದ್ದ ಅದೇ ಸ್ಟಾಕ್ ತುಂಬಿ, 190ರಲ್ಲಿ ಶುರು ಮಾಡಿದಾಗ ಲಿಂಬೆ ಲಿಂಬೆಯಾಗಿಯೇ ಬಂತು. ಬಿಲ್ಲಿನಲ್ಲಿ ಎರಡೂ ಹೆಡ್ ಬಿಟ್ಟುಕೊಡಬೇಕಾಯಿತು.

ಸ್ಕ್ರೀನಿನ ಅಂಕಿ ಹೀಟರ್ ಪ್ಲೇಟಿನದು, ತಂಬಾಕು ಸೊಪ್ಪಿನದಲ್ಲ. ಸೆನ್ಸರ್ ಕಾಯಿಲ್ ಪಕ್ಕದಲ್ಲೇ ಕೂತಿರುತ್ತದೆ. ಪ್ಲೇಟ್ ತೆಳು, ಬೇಗ ಇಳಿಯುತ್ತದೆ. ಸೆರಾಮಿಕ್ ಬೌಲ್ ದಪ್ಪ, ಕುಡಿದ ಬಿಸಿಯನ್ನು ಸುಲಭಕ್ಕೆ ಬಿಡುವುದಿಲ್ಲ. ಇದ್ದಿಲಿನಲ್ಲಾದರೆ ಒಂದು ಕ್ಯೂಬ್ ತೆಗೆದರೆ, ಅಂಚಿಗೆ ಸರಿಸಿದರೆ ಕೆಲಸ ಆಗುತ್ತಿತ್ತು. ಇಲ್ಲಿ ಇರುವುದು ಪ್ಲಸ್, ಮೈನಸ್ ಎರಡೇ ಬಟನ್. ಮೇಲೇರಿಸುವುದು ಸಲೀಸು, ಇಳಿಸುವುದು ಬಲು ನಿಧಾನ. ಹಾಗಾಗಿ ಗೊತ್ತಿಲ್ಲದ ಫ್ಲೇವರ್ ಬಂದರೆ ಕೆಳಗಿನಿಂದ ಶುರು ಮಾಡಿ 5 ಡಿಗ್ರಿಯಂತೆ ಏರಿಸಬೇಕು, ಪ್ರತಿ ಸಲ ಮೂರು ನಿಮಿಷ ಕಾದು.

ಇನ್ನು ಫ್ಲೇವರಿನ ಮಾತು. ಲಿಂಬೆ, ಕಿತ್ತಳೆಯ ವಾಸನೆ ಕೊಡುವ ಲಿಮೊನೀನ್ ಕುದಿಯುವುದು ಸುಮಾರು 176 ಡಿಗ್ರಿಗೆ, ಮೆಂಥಾಲ್ 212ರ ಆಸುಪಾಸು, ಡಬಲ್ ಆಪಲ್‌ನ ಸೋಂಪಿನ ಘಾಟಿಗೆ ಕಾರಣವಾದ ಅನೆಥೋಲ್ 234. ಕುದಿಯುವ ಮೊದಲೇ ಎಲ್ಲವೂ ಆವಿಯಾಗುತ್ತ ಇರುತ್ತವೆ, ಆದರೆ ಯಾವುದು ಮೊದಲು ಓಡಿಹೋಗುತ್ತದೆ ಅನ್ನುವ ಸರದಿ ಇದೇ. 230 ಇಟ್ಟರೆ ಲಿಂಬೆ ಮೊದಲ ಹತ್ತು ನಿಮಿಷದಲ್ಲೇ ಖಾಲಿ, ಉಳಿಯುವುದು ಸಿರಪ್ಪಿನ ಕರಕಲು ಸಿಹಿ. ಹೊಗೆ ದಟ್ಟವಾಗಿಸುವುದು ಗ್ಲಿಸರಿನ್. ಅದು ಅತಿಯಾಗಿ ಕಾದರೆ ಒಡೆದು ಅಕ್ರೋಲಿನ್ ಆಗುತ್ತದೆ, ಗಂಟಲು ಕಣ್ಣು ಎರಡನ್ನೂ ಉರಿಸುವ ವಸ್ತು ಅದೇ.

ಬೌಲಿನ ಮೇಲೆ ಹೀಟರ್ ಕೂರುವ ಮಾದರಿಯ ನಮ್ಮ ಹೆಡ್‌ಗಳಲ್ಲಿ ಈಗ ನಡೆಯುತ್ತಿರುವ ಅಂಕಿಗಳು ಹೀಗಿವೆ. ನಿಮ್ಮ ಮೆಷಿನ್ ಬೇರೆಯಾದರೆ ಅಂಕಿ ಬದಲಾಗುತ್ತದೆ, ಸರದಿ ಬದಲಾಗುವುದಿಲ್ಲ. ಲೆಮನ್ ಮಿಂಟ್, ಆರೆಂಜ್ 190ರಲ್ಲಿ ಶುರು, 205 ದಾಟಿಸುವುದಿಲ್ಲ. 15 ಗ್ರಾಂ ಸೊಪ್ಪನ್ನು ಬೆರಳಲ್ಲಿ ಬಿಡಿಸಿ ಉದುರುದುರಾಗಿ ಹಾಕಬೇಕು, ಒತ್ತಬಾರದು. ಪ್ಲೇಟಿಗೂ ಸೊಪ್ಪಿಗೂ 3 ಮಿಲಿಮೀಟರ್ ಸಂದು. ಬರೀ ಮಿಂಟ್ ಆದರೆ 200. ದ್ರಾಕ್ಷಿ, ಬ್ಲೂಬೆರಿಯಲ್ಲಿ ತೊಂದರೆ ತಾಪದ್ದಲ್ಲ, ರಸದ್ದು. ಡಬ್ಬಿಯ ತಳದ ಸೊಪ್ಪು ಸಿರಪ್ಪಿನಲ್ಲಿ ಈಜುತ್ತಿರುತ್ತದೆ, ಹಾಗೇ ಹಾಕಿದರೆ ಮೊದಲು ಬೇಯುತ್ತದೆ, ಆಮೇಲೆ ಒಮ್ಮೆಲೇ ಅಂಟುಗಟ್ಟಿ ಸೀಯುತ್ತದೆ. ಡಬ್ಬಿಯ ಅಂಚಿಗೆ ಒತ್ತಿ ಹಿಂಡಿ ಹಾಕಿ, 210 ಸಾಕು. ತೊಳೆಯದ ಕಪ್ಪು ಸೊಪ್ಪಿನ ಡಬಲ್ ಆಪಲ್ ಬಂದರೆ ಮಾತ್ರ ಕಾರ್ಡಿನವರಿಗೆ ನಮಸ್ಕಾರ: 20 ಗ್ರಾಂ, ಸ್ವಲ್ಪ ಒತ್ತಿಯೇ ತುಂಬಿ 225ರಿಂದ 235. ಕಡಿಮೆ ಇಟ್ಟರೆ ಸೋಂಪು ಏಳುವುದೇ ಇಲ್ಲ, ಗಿರಾಕಿ “ಗಾಳಿ ಎಳೀತಿದ್ದೀನಿ” ಅಂತಾರೆ.

ಮಿಕ್ಸ್ ಕೇಳಿದರೆ, ಉದಾಹರಣೆಗೆ ದ್ರಾಕ್ಷಿ-ಮಿಂಟ್, ಹಗುರ ಫ್ಲೇವರನ್ನು ಕೆಳಗೆ ಹಾಕಿ ಭಾರದ್ದನ್ನು ಮೇಲೆ ಹಾಕಿ. ಶಾಖ ಮೇಲಿನಿಂದ ಇಳಿಯುವುದರಿಂದ ಮಿಂಟ್ ತಡವಾಗಿ ಏಳುತ್ತದೆ, ಕೊನೆಯವರೆಗೂ ನಿಲ್ಲುತ್ತದೆ. ಸೆಟ್ಟಿಂಗ್ ಮಾತ್ರ ಹಗುರದ್ದೇ.

ಜನ ಹೆಚ್ಚಿರುವ ಟೇಬಲ್ಲಿನಲ್ಲಿ ಇನ್ನೊಂದು ಕಿತಾಪತಿ. ಬಿಡದೆ ಎಳೆದರೆ ಗಾಳಿ ಪ್ಲೇಟನ್ನು ತಣಿಸುತ್ತದೆ, ಕಂಟ್ರೋಲರ್ ಗಾಬರಿಬಿದ್ದು ಪವರ್ ತುಂಬುತ್ತದೆ, ಅವರು ಹರಟೆಗೆ ನಿಲ್ಲಿಸಿದ ಕೂಡಲೇ ತಾಪ ಮಿತಿ ಮೀರುತ್ತದೆ. ಆರು ಜನರಿಗೆ ಕೊಡುವಾಗ ಇಬ್ಬರಿಗೆ ಇಡುವುದಕ್ಕಿಂತ 10 ಡಿಗ್ರಿ ಕಡಿಮೆ ಇಡಿ. ಸುಟ್ಟ ವಾಸನೆ ಬಂತೋ, ಮೊದಲು ಹೀಟರ್ ಎತ್ತಿ ಅರ್ಧ ನಿಮಿಷ ಪಕ್ಕಕ್ಕಿಡಿ, ಪೈಪಿನಿಂದ ಒಮ್ಮೆ ಊದಿ ಒಳಗಿನ ಹೊಗೆ ಹೊರಹಾಕಿ (ಪರ್ಜ್), ಆಮೇಲೆ ಬಟನ್. ಸೊಪ್ಪಿನ ಮೇಲ್ಪದರ ಕಪ್ಪಾಗಿದ್ದರೆ ಆ ಹೆಡ್ ಮುಗಿಯಿತು, ಸೆಟ್ಟಿಂಗ್ ತಿರುಗಿಸಿ ಉಳಿಸಲು ಹೋಗಬೇಡಿ. ಬೌಲ್ ಸಮೇತ ಬದಲಾಯಿಸಿ. ಇದಕ್ಕಾಗಿ ಪ್ರತಿ ಹೀಟರಿಗೆ ಎರಡು ಬೌಲ್ ಬೇಕು. ನಮಗೆ ಕೊಟ್ಟಿರುವುದು ಒಂದೂವರೆಯ ಲೆಕ್ಕ, ಅರ್ಧ ಬೌಲನ್ನು ಎಲ್ಲಿ ಇಡುವುದೋ ಪರ್ಚೇಸಿನವರನ್ನೇ ಕೇಳಬೇಕು.

ಇದ್ದಿಲು ಇಲ್ಲ ಅಂದ ಮಾತ್ರಕ್ಕೆ ನಿರಪಾಯ ಅಂತ ಟೇಬಲ್ಲಿನಲ್ಲಿ ಹೇಳಲೇಬೇಡಿ, ಸೇಲ್ಸಿನವರು ಹೇಳಿಕೊಟ್ಟರೂ. ಹುಕ್ಕಾದ ಕಾರ್ಬನ್ ಮೊನಾಕ್ಸೈಡಿನ ಬಹುಪಾಲು ಇದ್ದಿಲಿನದು ನಿಜ, ಅದು ಇಳಿಯುತ್ತದೆ. ತಂಬಾಕು ಇದೆ, ನಿಕೋಟಿನ್ ಇದೆ, ಚಟವೂ ಹಾಗೇ ಇದೆ.

ರಾತ್ರಿ ಅಂಗಡಿ ಮುಚ್ಚುವಾಗ ಪ್ಲೇಟಿನ ಕೆಳಗಿನ ಜಾಲರಿಯನ್ನು ಬಿಸಿ ಆರಿದ ಮೇಲೆ, ಪ್ಲಗ್ ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ. ನೀರಿಗೆ ಮುಳುಗಿಸಿದರೆ ಸೆನ್ಸರ್ ಹೋಗುತ್ತದೆ, ಒಂದು ಹಾಗೇ ಹೋಗಿದೆ. ಸೋಂಪಿನ ವಾಸನೆ ಯಾವ ಸೋಪಿಗೂ ಬಗ್ಗುವುದಿಲ್ಲ, ಡಬಲ್ ಆಪಲ್ ಬೌಲುಗಳಿಗೆ ಕೆಂಪು ಟೇಪ್ ಸುತ್ತಿ ಬೇರೆಯೇ ಇಟ್ಟುಬಿಡಿ. ನಮ್ಮಲ್ಲಿ ಸುತ್ತಿದ್ದ ಟೇಪನ್ನು ಚಂದ ಕಾಣುವುದಿಲ್ಲ ಅಂತ ಮ್ಯಾನೇಜರ್ ಕೀಳಿಸಿದ್ದಾರೆ, ಈಗ ತಳದಲ್ಲಿ ಮಾರ್ಕರಿನಿಂದ ಗೀಟು ಎಳೆಯುತ್ತೇವೆ.