ಬ್ಯಾಂಕಿಗೆ ಜೀವ ಇಲ್ಲ, ಆದರೂ ಅದು ವೈಯಕ್ತಿಕ ಖಾತೆಯೇ

ವಿಜಯಪುರದಲ್ಲಿ ಅಕೌಂಟ್ಸ್ ಕಲಿಯಲು ಬರುವವರು ಮೊದಲ ವಾರದಲ್ಲೇ ಕೇಳುವುದು ಇದನ್ನೇ: “ಸರ್, ಬ್ಯಾಂಕ್ ಮನುಷ್ಯಾ ಅಲ್ಲ, ಬಾಕಿ ಪಗಾರ ಅಂತೂ ಅಲ್ಲೇ ಅಲ್ಲ. ಇವು ಹ್ಯಾಂಗ ವೈಯಕ್ತಿಕ ಖಾತೆ ಆಗ್ತಾವ್ರಿ?”

ಪ್ರಶ್ನೆಯ ಬುಡವೇ ತಪ್ಪು. ‘ವೈಯಕ್ತಿಕ’ ಅಂದಕೂಡಲೇ ಮುಖ ಹುಡುಕಬೇಡಿ. ಯಾರಿಂದ ಬರಬೇಕು, ಯಾರಿಗೆ ಕೊಡಬೇಕು ಎಂಬ ಲೆಕ್ಕ ಇಡುವ ಖಾತೆ ಅದು. ಉದ್ರಿ ಒಯ್ದ ಗಿರಾಕಿ, ಮಾಲು ಕೊಟ್ಟ ವ್ಯಾಪಾರಿ, ಬ್ಯಾಂಕು, ಸಹಕಾರಿ ಸಂಘ, ಕಂಪನಿ ಎಲ್ಲವೂ ಇಲ್ಲಿಗೇ ಬರುತ್ತವೆ. ಮಾಲೀಕನ ಬಂಡವಾಳವೂ ಬರುತ್ತದೆ, ಏಕೆಂದರೆ ಲೆಕ್ಕದಲ್ಲಿ ಅಂಗಡಿ ಬೇರೆ, ಮಾಲೀಕ ಬೇರೆ.

ಬಾಕಿ ಪಗಾರಕ್ಕೆ ಬನ್ನಿ. ಮಾರ್ಚ್ ತಿಂಗಳ ಪಗಾರ 18,000 ರೂಪಾಯಿ, ಕೊಡುವುದು ಏಪ್ರಿಲ್‌ನಲ್ಲಿ. ಮಾರ್ಚ್ 31ಕ್ಕೆ ಪಗಾರ ಖಾತೆಗೆ ಡೆಬಿಟ್ (ಎಡಬದಿ), ಬಾಕಿ ಪಗಾರಕ್ಕೆ ಕ್ರೆಡಿಟ್ (ಬಲಬದಿ). ಪಗಾರ ಖರ್ಚಿನ ಬಾಬತ್ತು, ಅದು ನಾಮಮಾತ್ರ ಖಾತೆ, ಅಂದರೆ ಖರ್ಚು-ಆದಾಯದ ಲೆಕ್ಕ ಇಡುವ ಖಾತೆ. ಬಾಕಿ ಪಗಾರದ ಹಿಂದೆ ಮಾತ್ರ ದುಡಿದ ಆಳು ನಿಂತಿದ್ದಾನೆ, ಅವನ ಹೆಸರಿನ ಬದಲು ಈ ಹೆಸರು, ಅಷ್ಟೇ. ಏಪ್ರಿಲ್‌ನಲ್ಲಿ ದುಡ್ಡು ಕೊಟ್ಟಾಗ ಡೆಬಿಟ್ ಆಗಬೇಕಾದದ್ದು ಬಾಕಿ ಪಗಾರ. ಬಹಳ ಜನ ಮತ್ತೆ ಪಗಾರಕ್ಕೇ ಬರೆಯುತ್ತಾರೆ. ಆಗ ಒಂದೇ ಪಗಾರ ಎರಡು ವರ್ಷದ ಖರ್ಚಾಗುತ್ತದೆ, ತೀರಿದ ಬಾಕಿ ಪುಸ್ತಕದಲ್ಲಿ ಹಾಗೇ ಉಳಿಯುತ್ತದೆ.

ಪಡೆಯುವವರಿಗೆ ಡೆಬಿಟ್, ಕೊಡುವವರಿಗೆ ಕ್ರೆಡಿಟ್: ಈ ನಿಯಮ ಬಾಯಿಪಾಠ ಆಗಿದ್ದರೂ “ಪಾಸ್‌ಬುಕ್ಕಿನ್ಯಾಗ ಕ್ರೆಡಿಟ್ ಐತಿ, ನೀವು ಡೆಬಿಟ್ ಅಂತೀರಿ” ಎಂಬ ತಕರಾರು ತಪ್ಪದು. ಪಾಸ್‌ಬುಕ್ ಬ್ಯಾಂಕಿನ ಪುಸ್ತಕದ ನಕಲು. ನೀವು ದುಡ್ಡು ಕಟ್ಟಿದಾಗ ಅಲ್ಲಿ ಕೊಟ್ಟವರು ನೀವು, ನಿಮ್ಮ ಪುಸ್ತಕದಲ್ಲಿ ಪಡೆದದ್ದು ಬ್ಯಾಂಕು. ಎರಡೂ ಸರಿ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಬೇರೆಯೇ ಇದೆ: ತಾಳೆಪಟ್ಟಿ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿ ಕೂಡಿಸಿ ನೋಡುವ ಪಟ್ಟಿ, ಟ್ರಯಲ್ ಬ್ಯಾಲೆನ್ಸ್) ಸರಿ ಕೂಡಿದರೂ ಪಾರ್ಟಿ ಖಾತೆ, ಅಂದರೆ ಗಿರಾಕಿ-ವ್ಯಾಪಾರಿಗಳ ಖಾತೆ, ತಪ್ಪಿರಬಹುದೇ?

ಖಂಡಿತ. ನಮ್ಮ ಕಡೆ ಒಂದೇ ಅಂಗಡಿಗೆ ನಾಲ್ಕು ಜನ ಪಾಟೀಲರು ಗಿರಾಕಿ. ಇಂಡಿ ಊರಿನ ಪಾಟೀಲರು ಕೊಟ್ಟ 6,500 ರೂಪಾಯಿ ಸಿಂದಗಿಯ ಪಾಟೀಲರಿಗೆ ಕ್ರೆಡಿಟ್ ಆದರೆ ತಾಳೆಪಟ್ಟಿಗೆ ಗೊತ್ತೇ ಆಗದು, ಎರಡೂ ಬದಿಯ ಮೊತ್ತ ಸಮವೇ ಇರುತ್ತದೆ. ಗೊತ್ತಾಗುವುದು ಇಂಡಿ ಪಾಟೀಲರಿಗೆ, ಕೊಟ್ಟ ದುಡ್ಡನ್ನೇ ಮತ್ತೆ ಕೇಳಿದಾಗ. ಅದೇ 6,500 ಒಬ್ಬರದೇ ಖಾತೆಯಲ್ಲಿ ಕ್ರೆಡಿಟ್ ಬದಲು ಡೆಬಿಟ್ ಬದಿಗೆ ಹೋದರೆ ತಾಳೆ ತಪ್ಪುತ್ತದೆ, ಅದೂ ಎರಡರಷ್ಟು: 13,000. ಆಗ ವ್ಯತ್ಯಾಸದ ಅರ್ಧ ಮೊತ್ತ ಎಲ್ಲಿದೆ ಎಂದು ಹುಡುಕಬೇಕು. ನಗದು ಕೊಟ್ಟು ಒಯ್ದವರ ಹೆಸರಿಗೆ ಖಾತೆಯೇ ಬೇಡ: ನಗದಿಗೆ ಡೆಬಿಟ್, ಮಾರಾಟಕ್ಕೆ ಕ್ರೆಡಿಟ್. ಅಲ್ಲಿ ಹೆಸರು ಹೊಕ್ಕರೆ ದುಡ್ಡು ತೀರಿಸಿದವನೂ ಸಾಲಗಾರನಾಗುತ್ತಾನೆ.

ಖಾತೆ ತೆರೆಯುವಾಗಲೇ ಹೆಸರಿನ ಜೊತೆ ಊರು ಬರೆಯಿರಿ. ತಿಂಗಳಿಗೊಮ್ಮೆ ಖಾತೆಯ ನಕಲು ಪಾರ್ಟಿಗೆ ಕಳಿಸಿ ಬಾಕಿ ಒಪ್ಪಿಸಿಕೊಳ್ಳಿ. ತಪ್ಪು ಸಿಕ್ಕರೆ ಅಳಿಸಬೇಡಿ, ಹೊಡೆದು ಹಾಕಲೂಬೇಡಿ. ಸಿಂದಗಿ ಪಾಟೀಲರಿಗೆ 6,500 ಡೆಬಿಟ್, ಇಂಡಿ ಪಾಟೀಲರಿಗೆ 6,500 ಕ್ರೆಡಿಟ್, ಕೆಳಗೆ ಒಂದು ಸಾಲು ಕಾರಣ.