ಗಂಧದ ಕೆತ್ತನೆಗೆ ಫ್ಲ್ಯಾಶ್ ಬೇಡ, ಬಿಳಿ ಪಂಚೆ ಸಾಕು

ಶಿರಸಿಯಲ್ಲಿ ಸ್ಟುಡಿಯೋ ಇಟ್ಟುಕೊಂಡವರಿಗೆ ಮದುವೆ, ಉಪನಯನ ಬಿಟ್ಟರೆ ಆಗಾಗ ಸಿಗುವುದು ಕರಕುಶಲ ಮೇಳದ ಕೆಲಸ. ಗುಡಿಗಾರರ ಕೆತ್ತನೆಗಳನ್ನು ಕ್ಯಾಟಲಾಗಿಗೆ ತೆಗೆದುಕೊಡಬೇಕು. ಹೊಸ ಹುಡುಗರು ಜೊತೆಗೆ ಬಂದರೆ ನಾನು ಮೊದಲು ಹೇಳುವುದೇ, ಫ್ಲ್ಯಾಶ್ ಬ್ಯಾಗಿನಲ್ಲೇ ಇರಲಿ ಅಂತ.

ಗಂಧದ ಪೆಟ್ಟಿಗೆಯ ಮುಚ್ಚಳ ನೋಡಿದ್ದೀರಲ್ವಾ? ಬಳ್ಳಿ, ಬಳ್ಳಿಯೊಳಗೆ ಗಿಳಿ, ಅಂಚಿಗೆ ಆನೆ ಸಾಲು, ಇಷ್ಟೆಲ್ಲಾ ಇದ್ದರೂ ಕೆತ್ತನೆಯ ಆಳ ಕಾಳುಮೆಣಸಿನಷ್ಟೂ ಇರುವುದಿಲ್ಲ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಎಲ್ಲಾ ಚಪ್ಪಟೆ. ಅದೇ ಮುಚ್ಚಳವನ್ನು ಕಿಟಕಿ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವ ಹಾಗೆ ತಿರುಗಿಸಿ. ಗಿಳಿಯ ರೆಕ್ಕೆ ಕೆಳಗೆ ಸಣ್ಣ ನೆರಳು ಬರುತ್ತದೆ. ಇನ್ನೊಂದು ಬದಿಯಲ್ಲಿ ಒಬ್ಬರು ಬಿಳಿ ಪಂಚೆ ಹಿಡಿದು ನಿಂತರೆ ಆ ನೆರಳೂ ಚೂರು ತಿಳಿಯಾಗಿ, ಉಳಿ ಎಲ್ಲಿ ನಿಂತಿತು ಅನ್ನುವುದೂ ಕಾಣುತ್ತದೆ.

ಈ ಪಂಚೆಯ ಉಪಾಯ ನನ್ನದಲ್ಲ. ಫೋಟೋಗ್ರಫಿ ಶುರುಮಾಡಿದವರಲ್ಲಿ ಒಬ್ಬನಾದ ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಾಟ್ 1844ರಲ್ಲೇ ಮೂರ್ತಿಯ ಫೋಟೋ ತೆಗೆಯುವಾಗ ಪಕ್ಕದಲ್ಲಿ ಬಿಳಿ ಬಟ್ಟೆ ಹಿಡಿಯಿರಿ ಎಂದು ಬರೆದಿದ್ದ. ಗ್ರೀಕ್ ಕಥೆಯ ವೀರ ಪ್ಯಾಟ್ರೋಕ್ಲಸ್‌ನ ಒಂದು ಪ್ಲಾಸ್ಟರ್ ಮೂರ್ತಿ ಇಟ್ಟುಕೊಂಡು, ಬೇರೆ ಬೇರೆ ಬೆಳಕಿನಲ್ಲಿ ಮತ್ತೆ ಮತ್ತೆ ಫೋಟೋ ತೆಗೆದವನು ಅವನು. ಬಿಸಿಲಿಗಿಂತ ಮೋಡದ ಬೆಳಕೇ ವಾಸಿ ಅಂತಲೂ ಹೇಳಿದ್ದ. ನಮ್ಮ ಆಷಾಢ ನೋಡಿದ್ದರೆ ಇಲ್ಲೇ ಬಿಡಾರ ಹೂಡುತ್ತಿದ್ದನೋ ಏನೋ.

ಆಗಿನವರು ಮೂರ್ತಿಗಳ ಹಿಂದೆ ಬಿದ್ದದ್ದು ಸುಮ್ನೆ ಅಲ್ಲ. ಮೂರ್ತಿ ಅಲ್ಲಾಡುವುದಿಲ್ಲ, ಪ್ಲಾಸ್ಟರ್ ಬೆಳ್ಳಗಿರುವುದರಿಂದ ಬೇಗ ಮೂಡುತ್ತದೆ. 1839ರಲ್ಲಿ ಪ್ಯಾರಿಸ್‌ನಲ್ಲಿ ಬಯಾರ್ ಅನ್ನುವ ಫೋಟೋಗ್ರಾಫರ್ ಕೂಡ ಅವನ್ನೇ ತೆಗೆಯುತ್ತಿದ್ದ. ಆದರೆ ಆ ಕಾಲದ ರಾಸಾಯನಿಕಕ್ಕೆ ನೀಲಿ ಬೆಳಕು ಚೆನ್ನಾಗಿ ತಾಗುತ್ತಿತ್ತು, ಹಳದಿ ಕೆಂಪು ತಾಗುತ್ತಲೇ ಇರಲಿಲ್ಲ ಅನ್ನಬಹುದು. ಹಾಗಾಗಿ ಕಂದು ಮರ ಕಪ್ಪಾಗಿಯೇ ಬರುತ್ತಿತ್ತು. ಹಳೇ ಫೋಟೋ ತಂದು ಇದೇ ಬಣ್ಣದ ಪಾಲಿಶ್ ಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು, ಫೋಟೋದ ಕಪ್ಪು ಮರದ ಬಣ್ಣ ಅಲ್ಲ ಮಾರಾಯ್ರೇ.

ಇನ್ನೊಂದು ವಿಷಯ, ಹಿನ್ನೆಲೆ. ಮೇಳದವರಿಗೆ ಯಾವಾಗಲೂ ಬಿಳಿ ಹಿನ್ನೆಲೆಯೇ ಬೇಕು, ಮೇಜು, ಚೀಟಿ ಏನೂ ಕಾಣಬಾರದು. ಕೊಡುತ್ತೇನೆ. ಆದರೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ದೊಡ್ಡ ಪ್ರದರ್ಶನ ಕಟ್ಟಡವನ್ನು ಸಿಡ್ನಮ್‌ನಲ್ಲಿ ಮತ್ತೆ ಕಟ್ಟುತ್ತಿದ್ದಾಗ (ತೆರೆದದ್ದು 1854ರಲ್ಲಿ), ಡೆಲಾಮೋಟ್ ಅನ್ನುವ ಫೋಟೋಗ್ರಾಫರ್ ಮೂರ್ತಿಗಳ ಜೊತೆ ಅಟ್ಟಣಿಗೆ, ಕೆಲಸದವರು, ಎಲ್ಲವನ್ನೂ ತೆಗೆದಿಟ್ಟ. ಕಟ್ಟಡ 1936ರಲ್ಲಿ ಸುಟ್ಟುಹೋಯಿತು. ಒಳಗೆ ಏನು ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಅಂತ ಇವತ್ತು ನೋಡಬೇಕಾದರೆ ಅಂಥ ಫೋಟೋಗಳೇ ಗತಿ.

ಅದಕ್ಕೇ ಪ್ರತಿ ಮಳಿಗೆಯದ್ದೂ ಒಂದು ಜಾಸ್ತಿ ಫೋಟೋ ತೆಗೆಯುತ್ತೇನೆ. ಮೇಜು, ಬೆಲೆ ಚೀಟಿ, ಅಕ್ಕಪಕ್ಕದ ಸಾಮಾನು, ಕೆತ್ತಿದವರ ಕೈ, ಎಲ್ಲಾ ಇರಬೇಕು. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಫೈಲಿನ ಹೆಸರಿನಲ್ಲೇ ಊರು, ವರ್ಷ, ಯಾವ ಮರ ಅಂತ ಹಾಕುತ್ತೇನೆ. ಕೆತ್ತಿದವರ ಹೆಸರನ್ನೂ. ಕ್ಯಾಟಲಾಗಿನಲ್ಲಿ ಎಷ್ಟೋ ಸಲ ಅದೊಂದೇ ಇರುವುದಿಲ್ಲ.