ಆಷಾಢ ಶುಕ್ರವಾರಕ್ಕೆ ಇನ್ನು ಮೂರು ದಿನ

ಮಂಗಳವಾರ ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದು ಮೆಟ್ಟಿಲ ಹತ್ತಿರ ಬಂದೆ. ನಮ್ಮ ಮನೆ ಮೊದಲನೇ ಮಹಡಿಯಲ್ಲಿದೆ, ಕೆಳಗಿಳಿಯಲು ಹದಿನೆಂಟು ಮೆಟ್ಟಿಲು. ಮೊದಲನೇ ಮೆಟ್ಟಿಲಿಗೆ ಕಾಲಿಟ್ಟೆ, ಜೀವ ಹೋದಂತಾಯಿತು. ಎರಡೂ ತೊಡೆ ಕಲ್ಲಾಗಿತ್ತು. ಕಂಬಿ ಹಿಡಿದುಕೊಂಡು, ಪಕ್ಕಕ್ಕೆ ತಿರುಗಿ, ಚಿಕ್ಕ ಮಕ್ಕಳ ಹಾಗೆ ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಇಟ್ಟು ಇಳಿದೆ. ಗೇಟಿನ ಪಕ್ಕದ ಬುಟ್ಟಿಯಿಂದ ಪ್ಯಾಕೆಟ್ ಎತ್ತಿಕೊಂಡು ವಾಪಸ್ ಹತ್ತಿದರೆ ಅಷ್ಟೇನೂ ಕಷ್ಟವಾಗಲಿಲ್ಲ. ಹತ್ತುವುದು ಪರವಾಗಿಲ್ಲ, ಇಳಿಯುವುದೇ ಕಷ್ಟ. ಇದೇನು ವಿಚಿತ್ರ ಅನ್ನಿಸಿತು.

ಭಾನುವಾರ ಚಾಮುಂಡಿ ಬೆಟ್ಟ ಹತ್ತಿ, ಮೆಟ್ಟಿಲಲ್ಲೇ ಇಳಿದು ಬಂದಿದ್ದೆ. ಅವತ್ತು ಏನೂ ಆಗಲಿಲ್ಲ. ಸೋಮವಾರ ಸ್ವಲ್ಪ ಬಿಗಿ ಇತ್ತು. ಮಂಗಳವಾರ ಹೀಗೆ.

ಬೆಟ್ಟ ಹತ್ತಿದ್ದಕ್ಕೆ ಕಾರಣ ಇತ್ತು. ಹಿಂದಿನ ವರ್ಷ ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ಹರಕೆ ಹೊತ್ತಿದ್ದೆ. ಅಮ್ಮ ಮನೆಗೆ ಬಂದರೆ ಆಷಾಢ ಶುಕ್ರವಾರ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಬೆಟ್ಟ ಹತ್ತುತ್ತೇನೆ ಅಂತ. ಅಮ್ಮ ಬಂದರು. ಮೈಸೂರಿನವರಿಗೆ ಗೊತ್ತು, ಅಲ್ಲಿ ಸಾವಿರಕ್ಕೂ ಜಾಸ್ತಿ ಮೆಟ್ಟಿಲಿವೆ. ಹತ್ತುವುದಷ್ಟೇ ಅಲ್ಲ, ಒಂದೊಂದಕ್ಕೂ ಬಗ್ಗಬೇಕು, ಬೆರಳು ಅದ್ದಿ ಹಚ್ಚಬೇಕು, ಏಳಬೇಕು. ಅಭ್ಯಾಸ ಇರಲಿ ಅಂತ ಭಾನುವಾರ ಹೋಗಿದ್ದೆ. ಈಗ ಶುಕ್ರವಾರಕ್ಕೆ ಮೂರೇ ದಿನ, ನನಗೆ ಕಮೋಡಿನ ಮೇಲೆ ಕೂರುವುದಕ್ಕೂ ಗೋಡೆ ಹಿಡಿಯಬೇಕು.

ಇನ್ನೊಂದು ಚಿಂತೆಯೂ ಇತ್ತು. ನಾಲ್ಕು ತಿಂಗಳಿಂದ ಬೆಳಿಗ್ಗೆ ಆರಕ್ಕೆದ್ದು ಮನೆಯಲ್ಲೇ ವ್ಯಾಯಾಮ ಮಾಡುತ್ತಿದ್ದೇನೆ. ಮಂಗಳವಾರ ಬಸ್ಕಿಯ ದಿನ. ಇವತ್ತು ಬಿಡಲಾ, ಮಾಡಲಾ? ಬಿಟ್ಟರೆ ಭಯ. ಒಂದು ದಿನ ಬಿಟ್ಟಿದ್ದು ಹತ್ತು ದಿನವಾಗಿ, ಹತ್ತು ದಿನ ವರ್ಷವಾದದ್ದನ್ನು ನೋಡಿದವಳು ನಾನು. ಮಾಡಲೂ ಭಯ. ಎರಡು ವರ್ಷದ ಹಿಂದೆ ಒಂದು ಜಿಮ್‌ಗೆ ಹೋಗುತ್ತಿದ್ದೆ. ಬಲ ಮೊಣಕಾಲು ಚುಚ್ಚುತ್ತಿದೆ ಅಂತ ಹೇಳಿದರೂ ಅಲ್ಲಿನ ಹುಡುಗ, ‘ನೋವಿದ್ರೇನೇ ಮೇಡಂ ಕೆಲಸ ಆಗ್ತಿದೆ ಅಂತ’ ಎಂದು ಮಾಡಿಸಿದ. ನಾನೂ ಮಾಡಿದೆ. ಮಂಡಿ ಊದಿ ಎರಡು ತಿಂಗಳು ನೆಲದ ಮೇಲೆ ಕೂರಲು ಆಗಲಿಲ್ಲ. ನೋವುಗಳಲ್ಲೂ ಬೇರೆ ಬೇರೆ ಇವೆ ಅಂತ ಆಗ ಯಾರಾದರೂ ಹೇಳಬೇಕಿತ್ತು.

ಅತ್ತೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿಕೊಂಡು ಬಂದರು. ‘ಎರಡು ದಿನ ಸುಮ್ನೆ ಮಲಕ್ಕೋಮ್ಮ’ ಅಂದರು. ಮಾವ ಹರೆಯದಲ್ಲಿ ಗರಡಿಗೆ ಹೋಗುತ್ತಿದ್ದವರು. ಅವರದು ಬೇರೆ ಮಾತು. ‘ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು. ಗರಡೀಲಿ ಮೊದಲನೇ ವಾರ ಕೈ ಎತ್ತೋಕೇ ಆಗ್ತಿರಲಿಲ್ಲ. ಆದರೂ ಮಾರನೇ ದಿನ ಹೋಗಲೇಬೇಕಿತ್ತು.’ ಸ್ವಲ್ಪ ಹೊತ್ತು ಬಿಟ್ಟು ತಾವೇ ಸೇರಿಸಿದರು. ‘ಆದರೆ ಉಸ್ತಾದರು ಅವತ್ತು ದಂಡ ಹೊಡೆಸ್ತಿರಲಿಲ್ಲ. ಮಟ್ಟೀಲಿ ಸುಮ್ನೆ ಓಡಾಡಿಸೋರು, ಎಣ್ಣೆ ತಿಕ್ಕಿಸೋರು.’

ಆ ಕೊನೆಯ ಮಾತು ನನ್ನ ಮನಸ್ಸಿಗೆ ಹಿಡಿಯಿತು. ಅಕ್ಕನ ಮಗಳು ಫಿಸಿಯೋಥೆರಪಿ ಓದುತ್ತಿದ್ದಾಳೆ, ಅವಳಿಗೆ ಫೋನ್ ಮಾಡಿದೆ.

‘ಚಿಕ್ಕಮ್ಮ, ಎರಡೂ ಕಾಲಲ್ಲಿ ಒಂದೇ ತರಹ ಇದೆಯಾ?’

ಹೌದು ಅಂದೆ.

‘ಹೆಬ್ಬೆರಳಲ್ಲಿ ಒತ್ತಿ ನೋಡಿ. ತೊಡೆ ಪೂರ್ತಿ ನೋಯುತ್ತಾ, ಮಂಡಿ ಕೀಲಿನ ಹತ್ತಿರ ಒಂದೇ ಜಾಗದಲ್ಲಿ ಚುಚ್ಚುತ್ತಾ?’

ಒತ್ತಿದೆ. ತೊಡೆಯ ಮುಂಭಾಗ ಎಲ್ಲೆಲ್ಲಿ ಒತ್ತಿದರೂ ಹಣ್ಣಾದ ಹಾಗಿತ್ತು. ಮಂಡಿ ಚಿಪ್ಪಿನ ಸುತ್ತ ಏನೂ ಇಲ್ಲ, ಊತ ಇಲ್ಲ.

‘ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದೆಯಾ?’

ಇದೇನು ಪ್ರಶ್ನೆ ಅಂತ ಗಾಬರಿಯಾದೆ. ಮಾಂಸಖಂಡ ವಿಪರೀತ ಹಾಳಾದರೆ ಅದರೊಳಗಿನ ಪ್ರೋಟೀನು ರಕ್ತಕ್ಕೆ ಸೇರಿ ಕಿಡ್ನಿಗೇ ಪೆಟ್ಟು ಕೊಡಬಹುದಂತೆ. ಮೂತ್ರ ಕಪ್ಪಾದರೆ, ಕಾಲು ಊದಿಕೊಂಡು ಶಕ್ತಿಯೇ ಇಲ್ಲದಂತಾದರೆ ಕಾಯಬಾರದು, ನೇರ ಆಸ್ಪತ್ರೆಗೆ ಹೋಗಬೇಕು. ನನಗೆ ಅದೇನೂ ಇರಲಿಲ್ಲ.

ಹಾಗಾದರೆ ಇದು ಡಾಮ್ಸ್ ಅಂದಳು. ತಡವಾಗಿ ಬರುವ ಸ್ನಾಯು ನೋವು. ಒಂದು ದಿನ ಬಿಟ್ಟು ಶುರುವಾಗುತ್ತದೆ, ಎರಡನೇ ಮೂರನೇ ದಿನ ಜೋರಾಗಿರುತ್ತದೆ, ವಾರದೊಳಗೆ ಹೋಗುತ್ತದೆ. ಲ್ಯಾಕ್ಟಿಕ್ ಆಸಿಡ್ ಕೂತುಕೊಂಡಿದೆ ಅಂತ ನಾನು ತಿಳಿದಿದ್ದೆ. ಅದು ವ್ಯಾಯಾಮ ಮುಗಿದು ಗಂಟೆಯೊಂದರಲ್ಲೇ ಕರಗಿ ಹೋಗಿರುತ್ತದಂತೆ. ಮಾಂಸಖಂಡದ ಒಳಗೇ ಸಣ್ಣದಾಗಿ ಹರಿದಿರುತ್ತದೆ ಅಂತ 1902ರಲ್ಲೇ ಥಿಯೋಡೋರ್ ಹಫ್ ಎನ್ನುವ ಅಮೆರಿಕದ ವಿಜ್ಞಾನಿ ಬರೆದಿದ್ದರಂತೆ.

ಇಳಿಯುವುದೇ ಕಷ್ಟ ಯಾಕೆ ಅಂತ ಕೇಳಿದೆ. ಅವಳ ಉತ್ತರ ಕೇಳಿ ಕಣ್ಣು ಬಿಟ್ಟಂತಾಯಿತು. ಹತ್ತುವಾಗ ತೊಡೆ ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಬ್ರೇಕ್ ಹಾಕುತ್ತಿರುತ್ತದೆ, ಅಂದರೆ ಎಳೆಸಿಕೊಳ್ಳುತ್ತಾ ಭಾರ ತಡೆಯುತ್ತದೆ. ಹರಿಯುವುದು ಆಗಲೇ. ಭಾನುವಾರ ನನ್ನ ಕಾಲು ಕೆಡಿಸಿದ್ದು ಬೆಟ್ಟ ಹತ್ತಿದ್ದಲ್ಲ, ಇಳಿದದ್ದು! ಬಸ್ಕಿಯಲ್ಲೂ ಕೆಳಗೆ ಕೂರುವಾಗ ಇದೇ ಕೆಲಸ.

ಅವತ್ತು ಬಸ್ಕಿ ಬಿಟ್ಟೆ. ಕೈ, ಭುಜದ ವ್ಯಾಯಾಮ ಮಾಡಿದೆ. ಬುಧವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಧಾನವಾಗಿ ನಡೆದೆ. ಮೊದಲ ಹತ್ತು ನಿಮಿಷ ಮರದ ಕಾಲು. ಆಮೇಲೆ ಬಿಸಿ ಏರಿದ ಹಾಗೆ ಸಡಿಲವಾಯಿತು. ಎಷ್ಟು ಹಗುರ ಅನ್ನಿಸಿತು ಅಂದರೆ, ಇಲ್ಲಿಂದಲೇ ಬೆಟ್ಟದ ಪಾದಕ್ಕೆ ಹೋಗಿಬಿಡೋಣವೇ ಅನ್ನುವಷ್ಟು. ಅದೇ ಮೋಸ. ಮೈ ಬಿಸಿಯಾದಾಗ ನೋವು ಅಡಗುತ್ತದೆ, ತೊಡೆಗೆ ಬಲ ಮಾತ್ರ ವಾಪಸ್ ಬಂದಿರುವುದಿಲ್ಲ. ಬಲ ಇಲ್ಲದ ತೊಡೆ ಭಾರವನ್ನು ಮಂಡಿಗೆ ದಾಟಿಸುತ್ತದೆ. ನನ್ನ ಮಂಡಿಯ ಕತೆ ನನಗೆ ಗೊತ್ತಿತ್ತಲ್ಲ. ಮನೆಗೆ ಬಂದು ಅರ್ಧ ಗಂಟೆ ಕೂತೆ, ಏಳುವಾಗ ಮತ್ತೆ ಅದೇ ಕಲ್ಲು.

ಗುರುವಾರ ಸಂಜೆ ಪರೀಕ್ಷೆ ಇಟ್ಟುಕೊಂಡೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳಬೇಕು. ಕಂಬಿ ಹಿಡಿಯದೆ ಹದಿನೆಂಟು ಮೆಟ್ಟಿಲು ನೇರವಾಗಿ ಇಳಿಯಬೇಕು. ಆಗದಿದ್ದರೆ ಹರಕೆ ಮುಂದಿನ ಶುಕ್ರವಾರಕ್ಕೆ. ಆಷಾಢದಲ್ಲಿ ಒಂದೇ ಶುಕ್ರವಾರ ಅಲ್ವಲ್ಲ, ತಾಯಿ ಕಾಯುತ್ತಾಳೆ ಅಂತ ಮನಸ್ಸಿಗೆ ಹೇಳಿಕೊಂಡಿದ್ದೆ. ಎರಡೂ ಆಯಿತು. ಸ್ವಲ್ಪ ನೋವಿತ್ತು, ನಡುಕ ಇರಲಿಲ್ಲ.

ಇನ್ನು ಉಳಿದದ್ದು ಇಳಿಯುವ ವಿಷಯ. ಬಸ್ಸಲ್ಲಿ ಇಳಿದರೆ ಹರಕೆ ಅರ್ಧ ಆಗುತ್ತೇನೋ ಅಂತ ಅಳುಕಿತ್ತು. ಅತ್ತೆಯ ಹತ್ತಿರ ಹೇಳಿದೆ. ‘ಹರಕೆ ಹೊತ್ತಿದ್ದು ಹತ್ತೋದಕ್ಕೆ ತಾನೇ? ಇಳಿಯೋದಕ್ಕೆ ಯಾರು ಹೊತ್ತರು?’ ಅಂದರು. ಆ ಮಾತು ಕೇಳಿ ಎದೆಯ ಭಾರ ಇಳಿಯಿತು.

ಶುಕ್ರವಾರ ಕತ್ತಲಿರುವಾಗಲೇ ಹೊರಟೆವು. ನನ್ನ ಕೈಯಲ್ಲಿ ಎರಡು ಬಟ್ಟಲು. ಅರಿಶಿನ ಒಂದು ಬೆರಳು, ಕುಂಕುಮ ಒಂದು ಬೆರಳು. ಜನ ಸಾಲುಗಟ್ಟಿದ್ದರು, ಎಲ್ಲರದೂ ನಿಧಾನದ ನಡಿಗೆ, ಅದೇ ನನಗೆ ಅನುಕೂಲವಾಯಿತು. ನನಗಿಂತ ಮೊದಲು ಹೋದವರ ಕುಂಕುಮದ ಪಕ್ಕದಲ್ಲೇ ನನ್ನದೂ ಹಚ್ಚುತ್ತಾ ಹೋದೆ. ಏಳುನೂರು ಮೆಟ್ಟಿಲು ದಾಟಿದ ಮೇಲೆ ಸಿಗುವ ದೊಡ್ಡ ನಂದಿಯ ಹತ್ತಿರ ಕೂತು ನೀರು ಕುಡಿದೆ. ದೊಡ್ಡದೇವರಾಜ ಒಡೆಯರ ಕಾಲದ ನಂದಿ ಅದು. ಹಿತ್ತಾಳೆ ಬಟ್ಟಲು ಹಿಡಿದಿದ್ದ ಕೈ ಕೆಂಪಾಗಿತ್ತು. ಕಾಲು ತನ್ನ ಪಾಡಿಗೆ ಬರುತ್ತಿತ್ತು. ದೇವಿಯ ದರ್ಶನ ಮಾಡಿ ಬಸ್ಸು ಹತ್ತಿ ಇಳಿದು ಬಂದೆ.

ಭಾನುವಾರ ಬೆಳಿಗ್ಗೆ ಹಾಲಿಗೆ ಹೋದೆ. ಹದಿನೆಂಟು ಮೆಟ್ಟಿಲು ನೇರವಾಗಿ ಇಳಿದೆ, ತೊಡೆಯ ಮುಂಭಾಗ ಸುಮ್ಮನಿತ್ತು. ಬುಟ್ಟಿಯಿಂದ ಪ್ಯಾಕೆಟ್ ಎತ್ತಲು ಬಗ್ಗಿದಾಗ ಈ ಸಲ ತೊಡೆಯ ಹಿಂಭಾಗ, ಸೊಂಟ ಜಗ್ಗಿತು. ಸಾವಿರ ಸಲ ಬಗ್ಗಿದ್ದೆನಲ್ಲ. ಅಲ್ಲೇ ಗೇಟು ಹಿಡಿದು ನಿಂತು ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಎರಡೂ ಕಡೆ ಒಂದೇ ತರಹ ಇತ್ತು.